ಹೊರೆ ಹೊರುವ ಕಲಾಕೃತಿಗೆ ಮೈ ಹದಗೊಳಿಸಿದ ಗರಡಿಮನೆ

ಚಿತ್ರ ಬರೆಯುವವರಿಗೆ ಒಳ್ಳೆಯ ಬಣ್ಣ ಎಲ್ಲಿ ಸಿಗುತ್ತದೆಂದು ಗೊತ್ತಿರುತ್ತದೆ, ಶಿಲ್ಪಿಗಳಿಗೆ ಯಾವ ಊರಿನ ಕಲ್ಲು ಉಳಿಗೆ ಒಗ್ಗುತ್ತದೆಂದು ಗೊತ್ತಿರುತ್ತದೆ. ಆದರೆ ತಮ್ಮ ಮೈಯನ್ನೇ ಮಾಧ್ಯಮವಾಗಿಸಿಕೊಂಡು ಬೀದಿಯಲ್ಲೋ ಚೌಕದಲ್ಲೋ ಗಂಟೆಗಟ್ಟಲೆ ದುಡಿಯುವ ಪರ್ಫಾರ್ಮೆನ್ಸ್ ಆರ್ಟ್ ಕಲಾವಿದರು ಆ ಮೈಯನ್ನು ಯಾರ ಕೈಗೆ ಒಪ್ಪಿಸಿ ಹದಗೊಳಿಸಿಕೊಳ್ಳಬೇಕು ಎಂಬುದನ್ನು ಹೇಳುವವರು ಕಡಿಮೆ. ಮೈಸೂರಿನ ಹಳೆಯ ಬೀದಿಯೊಂದರಲ್ಲಿರುವ ಗರಡಿಮನೆಯಲ್ಲಿ ನಾನು ಮತ್ತು ನನ್ನ ಸಹಕಲಾವಿದೆ ಒಂದು ಚಳಿಗಾಲವಿಡೀ ಪಡೆದ ತರಬೇತಿಯನ್ನು ಆ ದೃಷ್ಟಿಯಿಂದಲೇ ಇಲ್ಲಿ ವಿಮರ್ಶಿಸುತ್ತಿದ್ದೇನೆ. ಹೆಸರು ಬರೆಯುವುದು ಬೇಡವೆಂದು ಅಲ್ಲಿ ಪಾಠ ಹೇಳುವ ಗುರುಗಳಾದ ಉಸ್ತಾದರು ಕೇಳಿಕೊಂಡದ್ದರಿಂದ ಗರಡಿಯ ಹೆಸರನ್ನು ಬಿಟ್ಟಿದ್ದೇನೆ. ಮೈಸೂರಿನಲ್ಲಿ ಇಂಥ ಗರಡಿಗಳು ಇನ್ನೂ ಹಲವು ಉಳಿದಿರುವುದರಿಂದ ಇಲ್ಲಿ ಹೇಳುವ ಬಹುಪಾಲು ಮಾತುಗಳು ಅವುಗಳಿಗೂ ಹೊಂದಿಯಾವು.

ಮೊದಲು ನಮ್ಮ ಅಗತ್ಯವೇನಿತ್ತೆಂದು ಹೇಳಬೇಕು. ದೇವರಾಜ ಮಾರುಕಟ್ಟೆಯ ಪಕ್ಕದಲ್ಲಿರುವ ಚಿಕ್ಕ ಗಡಿಯಾರದ ಚೌಕದಲ್ಲಿ ಗೋಣಿಚೀಲಗಳ ಒಂದು ಅಟ್ಟಿಯನ್ನು ಇಬ್ಬರೂ ಒಂದೊಂದಾಗಿ ಹೆಗಲ ಮೇಲೆ ಹೊತ್ತು ಎದುರು ಬದಿಗೆ ಸಾಗಿಸುವುದು, ಅಲ್ಲಿ ಅಟ್ಟಿ ಕಟ್ಟಿ ಮುಗಿದ ಮೇಲೆ ಅದನ್ನೇ ಮತ್ತೆ ಮೊದಲಿನ ಜಾಗಕ್ಕೆ ಒಯ್ಯುವುದು, ಹೀಗೆ ಬೆಳಿಗ್ಗೆ ಮಾರುಕಟ್ಟೆ ತೆರೆಯುವ ಹೊತ್ತಿನಿಂದ ಸಂಜೆ ಬೀದಿದೀಪ ಹೊತ್ತುವವರೆಗೆ ಮಾತಿಲ್ಲದೆ ನಡೆಯುವುದು ನಮ್ಮ ಕೃತಿ. ಪಕ್ಕದ ಓಣಿಗಳಲ್ಲಿ ದಿನವೂ ಇದೇ ಕೆಲಸ ಮಾಡುವ ಹಮಾಲಿಗಳನ್ನು ಯಾರೂ ನಿಂತು ನೋಡುವುದಿಲ್ಲ. ಅದೇ ಕೆಲಸವನ್ನು ಚೌಕದ ನಡುವೆ, ಸರಕಿನ ಹಂಗಿಲ್ಲದೆ ಮಾಡಿದಾಗ ಜನ ಏನನ್ನು ನೋಡುತ್ತಾರೆ ಎಂಬುದು ನಮ್ಮ ಕುತೂಹಲವಾಗಿತ್ತು. ಬೆಲ್ಜಿಯಂನಲ್ಲಿ ಹುಟ್ಟಿ ಮೆಕ್ಸಿಕೊದಲ್ಲಿ ನೆಲೆಸಿರುವ ಕಲಾವಿದ ಫ್ರಾನ್ಸಿಸ್ ಆಲಿಸ್ 1997ರಲ್ಲಿ ಮೆಕ್ಸಿಕೊ ನಗರದ ಬೀದಿಗಳಲ್ಲಿ ದೊಡ್ಡ ಮಂಜುಗಡ್ಡೆಯೊಂದನ್ನು ಅದು ಕರಗಿ ನೀರಾಗುವವರೆಗೆ 9 ಗಂಟೆಗೂ ಹೆಚ್ಚು ಕಾಲ ತಳ್ಳುತ್ತ ನಡೆದಿದ್ದರು. ಅವರ ಹೊರೆ ಗಂಟೆಗಂಟೆಗೂ ಹಗುರವಾಗುತ್ತಿತ್ತು, ನಮ್ಮದು ಸಂಜೆಯಾದರೂ ಒಂದು ಗುಲಗಂಜಿಯಷ್ಟೂ ಇಳಿಯುವಂತಿರಲಿಲ್ಲ. ಅಕ್ಕಿ, ಸಕ್ಕರೆ, ಸಿಮೆಂಟಿನ ಮೂಟೆಗಳು 50 ಕಿಲೋ ತೂಗುತ್ತವೆ; ನಾವು ಮರಳು ತುಂಬಿದ 25 ಕಿಲೋ ಚೀಲಗಳನ್ನು ಆರಿಸಿಕೊಂಡೆವು. ಅರ್ಧ ತೂಕವಾದರೂ ಇಡೀ ದಿನ ಎತ್ತಿ ಇಳಿಸುವವರಿಗೆ ಅದು ಚಿಕ್ಕ ಹೊರೆಯಲ್ಲ.

ಇದಕ್ಕೆ ಸಾಮಾನ್ಯ ಜಿಮ್ ಸಾಲದೆಂದು ನನಗೆ ಬೇಗನೆ ಮನವರಿಕೆಯಾಯಿತು. ಜಿಮ್ಮಿನ ಕಬ್ಬಿಣಕ್ಕೆ ಹಿಡಿ ಇದೆ, ಎರಡೂ ಬದಿಯ ತೂಕ ಸಮವಾಗಿದೆ, ಎತ್ತಿ ಮುಗಿದ ಮೇಲೆ ಇಡಲು ಸ್ಟ್ಯಾಂಡ್ ಇದೆ. ಮರಳಿನ ಚೀಲಕ್ಕೆ ಇದಾವುದೂ ಇಲ್ಲ. ಹೆಗಲಿಗೇರಿದ ಮೇಲೂ ಒಳಗಿನ ಮರಳು ಜಾರುತ್ತ, ಹೆಜ್ಜೆ ಹೆಜ್ಜೆಗೂ ಭಾರದ ಕೇಂದ್ರ ಬದಲಾಗುತ್ತ, ಬೆನ್ನಿನ ಒಂದು ಬದಿಯ ಮೇಲೆಯೇ ಒತ್ತಡ ಬೀಳುತ್ತದೆ. ಹಿಡಿಯಿಲ್ಲದ, ಸಮವಿಲ್ಲದ ಭಾರಗಳೊಡನೆ ತಲೆಮಾರುಗಳಿಂದ ವ್ಯವಹರಿಸುತ್ತ ಬಂದವರು ಗರಡಿಯವರು. ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ಸಂಗ್ರಾಣಿ ಕಲ್ಲು ಎತ್ತುವ, ಉಸುಕಿನ ಚೀಲ ಎತ್ತುವ ಪಂದ್ಯಗಳು ಇಂದಿಗೂ ನಡೆಯುತ್ತವೆ. ಮೈಸೂರಿನ ಗರಡಿಗಳು ಮುಖ್ಯವಾಗಿ ಕುಸ್ತಿಯವು. ಆದರೂ ಎದುರಾಳಿಯ ಮೈಗಿಂತ ಹಿಡಿಗೆ ಸಿಗದ ಭಾರ ಬೇರೆ ಯಾವುದಿದೆ?

ಗರಡಿಯ ಬಾಗಿಲು ಗಿಡ್ಡ, ತಲೆ ಬಗ್ಗಿಸದೆ ಒಳಹೋಗಲಾಗದು. ಒಳಗೆ ನಸುಗತ್ತಲು, ಗೋಡೆಯ ಗೂಡಿನಲ್ಲಿ ಆಂಜನೇಯ, ನಡುವೆ ಕುಸ್ತಿಯಾಡುವ ಕೆಮ್ಮಣ್ಣಿನ ಮಟ್ಟಿ. ಜರಡಿ ಹಿಡಿದ ಆ ಮಣ್ಣಿಗೆ ಎಣ್ಣೆ, ಅರಿಶಿನ, ಕುಂಕುಮ, ಒಣಗಿಸಿದ ಬೇವಿನ ಎಲೆಯ ಪುಡಿ ಬೆರೆಸಿ ಹದ ಮಾಡುತ್ತಾರೆ. ದಿನವೂ ಬೆಳಿಗ್ಗೆ ಕಿರಿಯ ಹುಡುಗರು ಅದನ್ನು ಗುದ್ದಲಿಯಿಂದ ಅಗೆದು ಸಡಿಲಗೊಳಿಸದೆ ಯಾರೂ ಮಟ್ಟಿಗಿಳಿಯುವಂತಿಲ್ಲ. ಈ ಅಗೆತವನ್ನೇ ಉಸ್ತಾದರು ನನ್ನ ಮೊದಲ ಪಾಠವಾಗಿಸಿದರು. ಬಗ್ಗಿ ಎದ್ದು ಮಾಡುವ ಈ ಕೆಲಸದಲ್ಲಿ ಸೊಂಟ ಎಲ್ಲಿ ಮಡಚುತ್ತದೆ, ಬೆನ್ನು ಎಲ್ಲಿ ಗೂನಾಗುತ್ತದೆ ಎಂಬುದನ್ನು ಅವರು ಕಟ್ಟೆಯ ಮೇಲೆ ಕುಳಿತು ನೋಡಿಕೊಂಡರು. ಆ ನಂತರವೇ ದಂಡ, ಬಸ್ಕಿ, ಗದೆಗಳ ಲೆಕ್ಕ ಬರೆದುಕೊಟ್ಟರು. ಸೇರುವಾಗ ಎಲೆ ಅಡಿಕೆ, ತೆಂಗಿನಕಾಯಿ ಇಟ್ಟು ನಮಸ್ಕರಿಸುವುದು ಪದ್ಧತಿ. ಶುಲ್ಕ ತಿಂಗಳಿಗೆ 300 ರೂಪಾಯಿ, ಅದೂ ದೀಪದ ಎಣ್ಣೆ ಮತ್ತು ಮಣ್ಣಿನ ಖರ್ಚಿಗೆ. ಇಷ್ಟು ಅನುಭವಿಯಾದ ಕಣ್ಣೊಂದು ದಿನಕ್ಕೆ ಎರಡು ಗಂಟೆ ನಮ್ಮ ಮೇಲಿರಲು ಇದು ಏನೇನೂ ಅಲ್ಲ.

ತರಬೇತಿಯ ಕ್ರಮದ ಬಗ್ಗೆ ವಿವರವಾಗಿ ಹೇಳುತ್ತೇನೆ, ಏಕೆಂದರೆ ಈ ಗರಡಿಯ ನಿಜವಾದ ಬೆಲೆ ಇರುವುದು ಅಲ್ಲಿ. ಆರಂಭದ ಹಲವು ವಾರ ಚೀಲ ಮುಟ್ಟಲು ಬಿಡಲಿಲ್ಲ. ಹೆಗಲ ಕೀಲು ಸಡಿಲಗೊಂಡು ಗಟ್ಟಿಯಾಗಲು ಗದೆ ತಿರುಗಿಸುವುದು, ತೊಡೆ ಮತ್ತು ಹಿಮ್ಮಡಿಗೆ ಬಸ್ಕಿ, ಎದೆ ಮತ್ತು ಬೆನ್ನಿಗೆ ದಂಡ. ಬಸ್ಕಿಯ ಎಣಿಕೆಯನ್ನು ಅವರು ವಾರಕ್ಕೊಮ್ಮೆ ಮಾತ್ರ ಏರಿಸುತ್ತಿದ್ದರು. ಹುರುಪಿನಲ್ಲಿ ಮೊದಲ ದಿನವೇ ನೂರಾರು ಬಸ್ಕಿ ಹೊಡೆಯುವ ಹೊಸಬರಿಗೆ ಸ್ನಾಯುಗಳು ಒಡೆದು, ಅದರ ಅಂಶ ರಕ್ತಕ್ಕೆ ಸೇರಿ ಮೂತ್ರಪಿಂಡಕ್ಕೆ ಪೆಟ್ಟಾಗುವ ಅಪಾಯ ನಿಜವಾಗಿಯೂ ಇದೆ. ಮೂತ್ರ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ಅದು ಕೂಡಲೇ ಆಸ್ಪತ್ರೆಗೆ ಹೋಗಬೇಕಾದ ಸ್ಥಿತಿ. ಉಸ್ತಾದರು ಇದನ್ನು ವೈದ್ಯಕೀಯ ಭಾಷೆಯಲ್ಲಿ ಹೇಳಲಿಲ್ಲ, ಆದರೆ ಅವರ ಕಟ್ಟುನಿಟ್ಟು ಅದೇ ಅಪಾಯವನ್ನು ತಡೆಯುವಂತಿತ್ತು.

ಚೀಲ ಬಂದ ಮೇಲೆ ಅವರ ಗಮನವೆಲ್ಲ ಇಳಿಸುವುದರ ಮೇಲಿತ್ತು. “ಎತ್ತೋದು ಯಾರ್ ಬೇಕಾದ್ರೂ ಎತ್ತುತಾರೆ ಕಣಪ್ಪಾ, ಇಳಿಸೋದ್ ಕಲ್ತ್ಕೊ. ಬೆಳಿಗ್ಗೆ ಎತ್ತಿದ್ದು ಮಧ್ಯಾಹ್ನ ಗೊತ್ತಾಗಲ್ಲ, ಇಳಿಸಿದ್ದು ಗೊತ್ತಾಗುತ್ತೆ” ಎಂದರು. ದೇಹಶಾಸ್ತ್ರವೂ ಇದನ್ನೇ ಹೇಳುತ್ತದೆ: ಭಾರದ ಕೆಳಗೆ ಸ್ನಾಯು ಕುಗ್ಗುವಾಗ ಆಗುವುದಕ್ಕಿಂತ ಹೆಚ್ಚಿನ ಘಾಸಿ ಅದು ಭಾರ ತಡೆಯುತ್ತ ಹಿಗ್ಗುವಾಗ ಆಗುತ್ತದೆ, ಆ ನೋವು ಒಂದರಿಂದ ಮೂರು ದಿನಗಳ ನಡುವೆ ಏರುತ್ತದೆ. ಇಳಿಸುವ ಕ್ರಮವನ್ನು ಅವರು ಹೇಳಿಕೊಟ್ಟದ್ದು ಹೀಗೆ. ಚೀಲ ಹೊತ್ತ ಬದಿಯ ಕಾಲನ್ನು ಒಂದಡಿ ಹಿಂದಿಡಬೇಕು. ಸೊಂಟವನ್ನು ಹಿಂದಕ್ಕೆ ತಳ್ಳಿ ಮಂಡಿ ಮಡಚಬೇಕು. ಚೀಲವನ್ನು ಹೆಗಲಿನಿಂದ ನೇರ ನೆಲಕ್ಕೆ ಬಿಡದೆ ಮೊದಲು ತೊಡೆಗೆ ತರಬೇಕು. ಅಲ್ಲಿ ಒಂದು ಉಸಿರು ಬಿಟ್ಟು, ತೊಡೆಯ ಮೇಲಿಂದ ಜಾರಿಸಿ ಅಟ್ಟಿಗೆ ಸೇರಿಸಬೇಕು. ತೊಡೆಯ ಮೇಲಿನ ಆ ಒಂದು ಉಸಿರು ಎಷ್ಟು ಮುಖ್ಯವೆಂದು ಪ್ರದರ್ಶನದ ಮಧ್ಯಾಹ್ನ ತಿಳಿಯಿತು. ನೋಡುವವರ ಕಣ್ಣಿಗೂ ಅದೊಂದು ಲಯವಾಗಿ ಕಂಡಿತೆಂದು, ಕೃತಿಯಲ್ಲಿ ತಮಗೆ ಹಿಡಿಸಿದ್ದು ಅದೇ ಎಂದು ಹಲವರು ಆಮೇಲೆ ಹೇಳಿದರು. ದೇಹದ ರಕ್ಷಣೆಗೆಂದು ಕಲಿತ ಚಲನೆಯೇ ಕೃತಿಯ ರೂಪವಾಗಿ ಒದಗುವುದು ಇಂಥ ತರಬೇತಿಯ ದೊಡ್ಡ ಲಾಭ, ಯಾವ ಕೊರಿಯೋಗ್ರಫಿಯಿಂದಲೂ ಅದು ಬರುತ್ತಿರಲಿಲ್ಲ.

ಇನ್ನೊಂದು ಲಾಭವನ್ನು ನಾನು ಮೊದಲು ಅಂದಾಜು ಮಾಡಿರಲಿಲ್ಲ. ಗರಡಿಯಲ್ಲಿ ಎಂದೂ ಏಕಾಂತವಿಲ್ಲ. ಗೋಡೆಯುದ್ದಕ್ಕೂ ಇರುವ ಕಟ್ಟೆಯ ಮೇಲೆ ಹಳೆಯ ಪೈಲ್ವಾನರು ಬಂದು ಕೂರುತ್ತಾರೆ, ಕಾಫಿ ಕುಡಿಯುತ್ತಾರೆ, ನನ್ನ ಮೈಯ ಬಗ್ಗೆ, ನಿಲುವಿನ ಬಗ್ಗೆ, ಎಡಗಾಲು ಒಳಕ್ಕೆ ತಿರುಗುವುದರ ಬಗ್ಗೆ ನನ್ನೆದುರೇ ಗಟ್ಟಿಯಾಗಿ ಮಾತಾಡಿಕೊಳ್ಳುತ್ತಾರೆ. ಸಾರ್ವಜನಿಕ ಚೌಕದಲ್ಲಿ ನಡೆಯುವ ಕೃತಿಗೆ ಇದಕ್ಕಿಂತ ಒಳ್ಳೆಯ ಸಿದ್ಧತೆ ಇಲ್ಲ. ಗ್ಯಾಲರಿಯ ಪ್ರೇಕ್ಷಕರು ಮೌನವಾಗಿ ನೋಡುತ್ತಾರೆ. ಬೀದಿಯ ಜನ ಪ್ರಶ್ನೆ ಕೇಳುತ್ತಾರೆ, ನಗುತ್ತಾರೆ, ಮೊಬೈಲ್ ಹಿಡಿದು ಮುಖದ ಹತ್ತಿರ ಬರುತ್ತಾರೆ, ಚೀಲಕ್ಕೆ ಕೈ ಹಾಕಿ ಸಹಾಯಕ್ಕೂ ಬರುತ್ತಾರೆ. ಇದಾವುದರಿಂದಲೂ ಉಸಿರಿನ ಲಯ ಕೆಡದಂತಿರಲು ಅಭ್ಯಾಸ ಬೇಕು. ಚೀಲ ಹೊರಿಸಿ ನಿಲ್ಲಿಸಿ, ಉಸ್ತಾದರು ಪಕ್ಕೆಲುಬಿನ ಕೆಳಗೆ ಅಂಗೈ ಇಟ್ಟು ನನ್ನ ಉಸಿರನ್ನು ಗಮನಿಸುತ್ತಿದ್ದರು. ಕಟ್ಟೆಯ ಮೇಲಿನ ಹಿರಿಯರೊಬ್ಬರು ಬೇಕೆಂದೇ ಏನನ್ನಾದರೂ ಕೇಳಿದಾಗ ಉಸಿರು ಎದೆಗೇರಿದರೆ ಅಂಗೈ ಅದನ್ನು ಹಿಡಿಯುತ್ತಿತ್ತು, ಮತ್ತೆ ಹೊಟ್ಟೆಗೆ ಇಳಿಯುವವರೆಗೆ ಬಿಡುತ್ತಿರಲಿಲ್ಲ.

ಕೃತಿಯನ್ನು ಯಾವಾಗ ನಿಲ್ಲಿಸಬೇಕೆಂಬುದನ್ನು ಮೊದಲೇ ತೀರ್ಮಾನಿಸಬೇಕೆಂದು ಹಟ ಹಿಡಿದವರೂ ಉಸ್ತಾದರೇ. ವಿಜಯದಶಮಿಯ ದಿನ ಅರಮನೆಯ ಆವರಣದಲ್ಲಿ ಜಟ್ಟಿಗಳು ನಡೆಸುವ ವಜ್ರಮುಷ್ಟಿ ಕಾಳಗದ ಉದಾಹರಣೆಯನ್ನು ಅವರು ಕೊಟ್ಟರು. ಬೋಳಿಸಿದ ತಲೆಗೆ, ಮುಷ್ಟಿಗೆ ತೊಟ್ಟ ಆಯುಧವಾದ ವಜ್ರನಖದ ಪೆಟ್ಟು ಬಿದ್ದು ರಕ್ತ ಕಂಡ ಕ್ಷಣವೇ ಆ ಕಾಳಗ ಮುಗಿಯುತ್ತದೆ. ನೋಡುವವರಿಗೆ ಅದು ಕೆಲವೇ ಸೆಕೆಂಡುಗಳ ಭೀಕರತೆಯಾಗಿ ಕಂಡರೂ ಒಳಗೆ ಗಟ್ಟಿಯಾದ ನಿಯಮವಿದೆ. ಪರ್ಫಾರ್ಮೆನ್ಸ್ ಆರ್ಟಿನ ಚರಿತ್ರೆಯಲ್ಲಿ ಇಂಥ ನಿಯಮದ ಕೊರತೆ ಪ್ರಾಣಕ್ಕೆ ಬಂದ ಸಂದರ್ಭಗಳಿವೆ. 1974ರಲ್ಲಿ ಬೆಲ್‌ಗ್ರೇಡ್‌ನಲ್ಲಿ ಕಲಾವಿದೆ ಮರೀನಾ ಅಬ್ರಮೊವಿಚ್ ಉರಿಯುವ ನಕ್ಷತ್ರಾಕಾರದ ನಡುವೆ ಮಲಗಿದ್ದಾಗ ಬೆಂಕಿ ಆಮ್ಲಜನಕವನ್ನು ಹೀರಿಕೊಂಡು ಅವರು ಪ್ರಜ್ಞೆ ತಪ್ಪಿದರು, ನೋಡುತ್ತಿದ್ದವರು ಹೊರಗೆಳೆದು ಉಳಿಸಿದರು. ನಮ್ಮ ಕೃತಿಯಲ್ಲಿ ಬೆಂಕಿಯಿರಲಿಲ್ಲ, ಬಿಸಿಲಿತ್ತು. ಬೆವರು ನಿಂತು ಮೈ ಒಣಗಿದರೆ, ಮಾತು ತೊದಲಿದರೆ, ನೆಟ್ಟಗೆ ನಡೆಯಲಾಗದಿದ್ದರೆ, ಈ ಮೂರರಲ್ಲಿ ಯಾವುದೇ ಒಂದು ಕಂಡರೂ ಸಹಕಲಾವಿದೆಯಾಗಲೀ ನಾನಾಗಲೀ ಇನ್ನೊಬ್ಬರನ್ನು ಕೂಡಲೇ ನಿಲ್ಲಿಸಬೇಕೆಂದು ಬರೆದಿಟ್ಟುಕೊಂಡೆವು. ಮೌನದ ಕೃತಿಯಾದ್ದರಿಂದ ಮಾತಿನ ಪರೀಕ್ಷೆಗೆ ಅವಕಾಶವಿರಲೆಂದು ಗಂಟೆಗೊಮ್ಮೆ ಅಟ್ಟಿಯ ಮರೆಯಲ್ಲಿ ಪರಸ್ಪರ ಹೆಸರು ಹೇಳಿಕೊಳ್ಳುವುದನ್ನು ಸೇರಿಸಿದೆವು.

ಚೀಲದ ವಿಷಯದಲ್ಲಿ ತಮ್ಮ ತಿಳಿವಳಿಕೆಗೆ ಮಿತಿಯಿದೆ ಎಂದು ಉಸ್ತಾದರೇ ಒಪ್ಪಿ, ನಮ್ಮನ್ನು ಮಾರುಕಟ್ಟೆಯ ಹಿರಿಯ ಹಮಾಲಿಯೊಬ್ಬರ ಬಳಿ ಕರೆದೊಯ್ದರು. ಈ ವಿನಯವನ್ನು ನಾನು ಗರಡಿಯ ಸೇವೆಯ ಭಾಗವೆಂದೇ ಲೆಕ್ಕ ಹಾಕುತ್ತೇನೆ. ಆ ಹಿರಿಯರು ನಮ್ಮ ಚೀಲವನ್ನು ತಿರುಗಿಸಿ ನೋಡಿ ಮೊದಲು ಹೇಳಿದ್ದು ಹೊಲಿಗೆಯ ಬಗ್ಗೆ. ಗೋಣಿಯ ಹೊಲಿಗೆ ಕುತ್ತಿಗೆಯ ಕಡೆ ಬಂದರೆ ದಿನ ಮುಗಿಯುವುದರೊಳಗೆ ಚರ್ಮ ಸುಲಿದುಬಿಡುತ್ತದೆ. ಹೊಲಿಗೆ ಯಾವಾಗಲೂ ಹೊರಮುಖವಾಗಿರಬೇಕು. ಟವಲನ್ನು ತಲೆಗೆ ಸಿಂಬೆ ಸುತ್ತುವಂತೆ ಸುತ್ತದೆ, ನಾಲ್ಕು ಮಡಿಕೆ ಮಾಡಿ ಕುತ್ತಿಗೆಯ ಬುಡದಿಂದ ತೋಳಿನವರೆಗೆ ಹಾಸಿಕೊಳ್ಳಬೇಕು. ಚೀಲವನ್ನು ಬಾಯಿವರೆಗೆ ತುಂಬದೆ ಮೇಲೆ ಒಂದು ಗೇಣು ಬಿಟ್ಟು ಹೊಲಿದರೆ ಅದು ಹೆಗಲಿಗೆ ಬಗ್ಗಿ ಕೂರುತ್ತದೆ. ಈ ಮೂರು ಮಾತು ನಮ್ಮ ಕೃತಿಯನ್ನು ಉಳಿಸಿದವು ಎಂದರೆ ಅತಿಶಯೋಕ್ತಿಯಲ್ಲ.

ಇನ್ನು ಕೊರತೆಗಳು. ಮೊದಲನೆಯದು ನೀರು. ಸಾಮು ಮಾಡುವಾಗ ನಡುವೆ ನೀರು ಕುಡಿಯಬಾರದೆಂಬ ಹಳೆಯ ನಂಬಿಕೆ ಇಲ್ಲಿ ಇನ್ನೂ ಬಲವಾಗಿದೆ. ಚಳಿಗಾಲದ ನಸುಕಿನ ಎರಡು ಗಂಟೆಗೆ ಅದು ನಡೆದೀತು, ಬಿಸಿಲಿನ ಇಡೀ ದಿನದ ದುಡಿಮೆಗೆ ಅದು ಅಪಾಯಕಾರಿ. ನಾವು ವೈದ್ಯರ ಸಲಹೆಯಂತೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಿ, ಅದರ ಜೊತೆಗೆ ಉಪ್ಪು ಹಾಕಿದ ನೀರುಮಜ್ಜಿಗೆ ಇಟ್ಟುಕೊಂಡು, ಬಾಯಾರಿಕೆಗೆ ಕಾಯದೆ ಸ್ವಲ್ಪಸ್ವಲ್ಪವೇ ಕುಡಿಯುವುದನ್ನು ಅಭ್ಯಾಸ ಮಾಡಿದೆವು. ಬಿಸಿಲಿಗೆ ಮೈ ಒಗ್ಗಲು ಸುಮಾರು 10ರಿಂದ 14 ದಿನ ಬೇಕು. ಆಗ ಬೆವರು ಬೇಗ ಹರಿಯಲಾರಂಭಿಸುತ್ತದೆ, ಬೆವರಿನಲ್ಲಿ ಹೋಗುವ ಉಪ್ಪೂ ಕಡಿಮೆಯಾಗುತ್ತದೆ. ನಸುಕಿನ ತಂಪಿನಲ್ಲಿ ಮಾತ್ರ ತೆರೆದಿರುವ ಗರಡಿ ಇದಕ್ಕೆ ನೆರವಾಗಲಾರದು, ಕೊನೆಯ ಎರಡು ವಾರ ನಾವೇ ಮಧ್ಯಾಹ್ನದ ಬಯಲಿನಲ್ಲಿ ಅಭ್ಯಾಸ ಮಾಡಬೇಕಾಯಿತು. ಊಟದ ವಿಷಯದಲ್ಲಿ ಮಾತ್ರ ಗರಡಿಯ ಸಲಹೆ ನೂರಕ್ಕೆ ನೂರು ಸರಿ: ರಾಗಿ ಮುದ್ದೆ, ಹುರುಳಿ ಸಾರು, ನೆನೆಸಿದ ಕಡಲೆ, ಪ್ರದರ್ಶನದ ಹಿಂದಿನ ರಾತ್ರಿ ಬೇಗ ಊಟ.

ಎರಡನೆಯ ಕೊರತೆ ನೆಲ. ಹದವಾದ ಮಟ್ಟಿ ಪಾದವನ್ನು ತಾಯಿಯಂತೆ ಕಾಯುತ್ತದೆ; ಚೌಕದ ಕಲ್ಲುಹಾಸು ಕಾಯುವುದಿಲ್ಲ. ಮೃದುವಾದ ಮಣ್ಣಿನಲ್ಲಿ ಬರಿಗಾಲಲ್ಲಿ ಗಟ್ಟಿಯಾದ ಹಿಮ್ಮಡಿ ಕಲ್ಲಿನ ಮೇಲೆ ಭಾರ ಹೊತ್ತು ನಡೆಯಲಾರಂಭಿಸಿದ ಕೂಡಲೇ ನೋಯತೊಡಗಿತು. ನ್ಯೂಯಾರ್ಕಿನ ಬ್ರಾಡ್‌ವೇಯ 22 ಮೈಲಿಯನ್ನು ಸೂಪರ್‌ಮ್ಯಾನ್ ವೇಷದಲ್ಲಿ ತೆವಳಿದ ಅಮೆರಿಕದ ಕಲಾವಿದ ಪೋಪ್.ಎಲ್ ಅದನ್ನು ಒಂದೇ ಉಸಿರಿಗೆ ಮಾಡಲಿಲ್ಲ; 2001ರಿಂದ 2009ರವರೆಗೆ ತುಂಡುತುಂಡಾಗಿ ಮಾಡಿದರು. ನಗರದ ನೆಲ ಎಷ್ಟು ಗಡುಸೆಂದು ಅರಿಯಲು ಆ ಕೃತಿಯ ಅವಧಿಯೊಂದೇ ಸಾಕು. ಆದ್ದರಿಂದ ಗರಡಿಯ ಅಭ್ಯಾಸದ ಜೊತೆಗೇ, ಪ್ರದರ್ಶನ ನಡೆಯುವ ನೆಲದ ಮೇಲೆಯೇ, ಅಂದು ಹಾಕುವ ಪಾದರಕ್ಷೆಯಲ್ಲೇ ವಾರಕ್ಕೊಮ್ಮೆಯಾದರೂ ನಡೆದು ನೋಡುವುದು ಅಗತ್ಯ. ಗರಡಿಯಲ್ಲಿ ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯಿಲ್ಲ; ಉಳುಕಿಗೆ ಎಣ್ಣೆ ಹಾಕಿ ನೀವುವವರಿದ್ದಾರೆ, ಅವರ ಕೈಗುಣ ಒಳ್ಳೆಯದೇ, ಆದರೂ ಊತ ಕಂಡಾಗ ನಾವು ನೀವಿಸಿಕೊಳ್ಳದೆ ವೈದ್ಯರಲ್ಲಿಗೇ ಹೋದೆವು.

ಮೂರನೆಯದು ನನಗೆ ಬಹಳ ನೋವು ಕೊಟ್ಟ ಸಂಗತಿ. ನನ್ನ ಸಹಕಲಾವಿದೆಗೆ ಮಟ್ಟಿಗಿಳಿಯಲು ಅವಕಾಶ ಸಿಗಲಿಲ್ಲ. ದಸರಾ ಕುಸ್ತಿಯಲ್ಲಿ ಹೆಣ್ಣುಮಕ್ಕಳು ‘ದಸರಾ ಕಿಶೋರಿ’ ಪ್ರಶಸ್ತಿಗಾಗಿ ಸೆಣಸುವ ಊರಿನಲ್ಲಿ, ಅದೇ ಹೆಣ್ಣುಮಕ್ಕಳಿಗೆ ಹಳೆಯ ಗರಡಿಯ ಬಾಗಿಲು ಮುಚ್ಚಿರುವುದು ಸರಿಯಲ್ಲವೆಂದು ಉಸ್ತಾದರಿಗೆ ನಾವಿಬ್ಬರೂ ಸ್ಪಷ್ಟವಾಗಿ ಹೇಳಿದೆವು. ಅವರು ಸಿಟ್ಟಾಗಲಿಲ್ಲ. “ನಾನೊಬ್ಬನೇ ತೀರ್ಮಾನ ಮಾಡೋದಲ್ಲಮ್ಮಾ, ಹಿರೀಕರನ್ನ ಕೇಳ್ಬೇಕು” ಎಂದು ಹೇಳಿ, ಗರಡಿಯ ಹಿಂದಿನ ಹಿತ್ತಲಲ್ಲಿ ಆಕೆಗೆ ಗದೆ, ಕಲ್ಲುಗುಂಡು, ಚೀಲಗಳ ವ್ಯವಸ್ಥೆ ಮಾಡಿಸಿ, ತಾವೇ ಬಂದು ಪೂರ್ತಿ ಪಾಠ ಹೇಳಿದರು. ತರಬೇತಿಯಲ್ಲಿ ತಾರತಮ್ಯವಾಗಲಿಲ್ಲ, ಇಳಿಸುವ ಕ್ರಮವನ್ನು ಆಕೆ ನನಗಿಂತ ಮೊದಲೇ ಸಾಧಿಸಿದಳು. ಆದರೆ ಕಟ್ಟೆಯ ಮೇಲಿನ ಆ ಕಣ್ಣುಗಳ ಎದುರು ಪಳಗುವ ಅವಕಾಶ ಆಕೆಗೆ ತಪ್ಪಿತು, ಅದನ್ನು ಬೀದಿಯಲ್ಲಿಯೇ ಗಳಿಸಿಕೊಳ್ಳಬೇಕಾಯಿತು. ಚೌಕದಲ್ಲಿ ಹೆಣ್ಣಿನ ದೇಹದ ಮೇಲೆ ಬೀಳುವ ನೋಟ ಹೆಚ್ಚು ಕಠಿಣವಾಗಿರುವಾಗ, ಅದಕ್ಕೆ ಸಿದ್ಧತೆ ಹೆಚ್ಚು ಬೇಕಾದವರಿಗೇ ಅದು ಸಿಗದಿರುವುದು ಈ ಗರಡಿಯ ದೊಡ್ಡ ಲೋಪ.

ಅನುಮತಿಯ ಕೆಲಸದಲ್ಲಿ ಗರಡಿಗೆ ಪಾತ್ರವಿಲ್ಲ; ಪೊಲೀಸರಿಗೂ ಪಾಲಿಕೆಗೂ ಬಹಳ ಮುಂಚೆಯೇ ಅರ್ಜಿ ಕೊಡಬೇಕು, ಅರ್ಜಿಯಲ್ಲಿ ಚೀಲಗಳ ತೂಕ, ಅಟ್ಟಿಯ ಎತ್ತರ, ಜನರ ಓಡಾಟಕ್ಕೆ ಬಿಡುವ ದಾರಿಯ ಅಗಲವನ್ನು ನಕ್ಷೆಯಲ್ಲಿ ತೋರಿಸಿದರೆ ಪ್ರಶ್ನೆಗಳು ಕಡಿಮೆಯಾಗುತ್ತವೆ. ಪ್ರದರ್ಶನದ ದಿನ ಇಬ್ಬರೂ ಸಂಜೆಯವರೆಗೆ ನಿಂತೆವು. ಬೆನ್ನು ಹಿಡಿಯಲಿಲ್ಲ, ಮಂಡಿ ಊದಲಿಲ್ಲ, ಹಿಮ್ಮಡಿ ಮಾತ್ರ ಹಲವು ದಿನ ನೋಯಿತು. ಗರಡಿಯಲ್ಲಿ ಕಲಿತ ಭಾಗ ಪೂರ್ತಿ ಕೈಹಿಡಿಯಿತು, ಗರಡಿ ಕಲಿಸದ ಭಾಗವೇ ನೋವು ಕೊಟ್ಟಿತು.

ಎತ್ತುವ, ಹೊರುವ, ಎಳೆಯುವ, ತುಂಬ ಹೊತ್ತು ಒಂದೇ ನಿಲುವಿನಲ್ಲಿರುವ ಕೃತಿಗಳನ್ನು ಯೋಚಿಸುತ್ತಿರುವವರಿಗೆ ಇಂಥ ಗರಡಿಯನ್ನು ನಾನು ಮನಃಪೂರ್ವಕವಾಗಿ ಶಿಫಾರಸು ಮಾಡುತ್ತೇನೆ. ಓಟ, ಜಿಗಿತ, ನೃತ್ಯದಂಥ ಚಲನೆಯ ಕೃತಿಗಳಿಗೆ ಬೇರೆಡೆ ಹೋಗುವುದು ಒಳ್ಳೆಯದು. ಬೆನ್ನುಹುರಿಯ, ಹೃದಯದ, ರಕ್ತದೊತ್ತಡದ ತೊಂದರೆಯಿರುವವರು ವೈದ್ಯರ ಒಪ್ಪಿಗೆಯಿಲ್ಲದೆ ಬಸ್ಕಿಯನ್ನೂ ಆರಂಭಿಸಬಾರದು. ಗರಡಿ ತೆರೆದಿರುವುದು ಬೆಳಿಗ್ಗೆ 5ರಿಂದ 8ರವರೆಗೆ. ಲಂಗೋಟಿ ಇಲ್ಲವೆ ಬಿಗಿಯಾದ ಚಡ್ಡಿ, ಹಳೆಯ ಟವಲು, ಕುಡಿಯುವ ನೀರು ಜೊತೆಗಿರಲಿ. ಕೃತಿಯ ದಿನಕ್ಕಿಂತ ಕನಿಷ್ಠ ನಾಲ್ಕು ತಿಂಗಳು ಮುಂಚೆ ಸೇರಬೇಕು, ದಸರಾ ಮುಗಿದ ಮೇಲೆ ಸೇರಿದರೆ ಇನ್ನೂ ಒಳ್ಳೆಯದು, ಏಕೆಂದರೆ ಅದಕ್ಕೆ ಮುಂಚಿನ ತಿಂಗಳುಗಳಲ್ಲಿ ನಾಡಕುಸ್ತಿಯ ತಯಾರಿ ಜೋರಾಗಿರುವುದರಿಂದ ಉಸ್ತಾದರ ಗಮನ ಹೊಸಬರಿಗೆ ಸಿಗುವುದು ಕಷ್ಟ.